ತಾಯಪ್ಪನ ಅಮೀನ

ಸುರಪುರದ ಸೀಮೆಯಲ್ಲಿ ಕೃಷ್ಣಾ ನದಿಗೆ ಹರಿಗೋಲು ಹಾಕಿ ಬದುಕಿದ ಅಂಬಿಗರ ತಾಯಪ್ಪ ನಲವತ್ತು ವರ್ಷದಲ್ಲಿ ಒಬ್ಬರನ್ನೂ ನೀರುಪಾಲು ಮಾಡಲಿಲ್ಲ ಎಂದು ಊರವರು ಈಗಲೂ ಹೊಗಳುತ್ತಾರೆ. ಹೊಗಳಿಕೆ ಪೂರ್ತಿ ನಿಜವಲ್ಲ. ಒಂದು ಜೀವವನ್ನು ಅವನು ಕೈಯಾರೆ ಮುಳುಗಿಸಿದ್ದ. ಅದು ನಾಯಿ ಎಂದು ಊರವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ.

ಕೆಂದು ಬಣ್ಣದ ಗಂಡುಮರಿ. ನಿಜಾಮರ ರಾಜ್ಯದ ಕೊನೆಯ ದಿನಗಳು. ಕಣ್ಣು ತೆರೆದ ಹೊಸತರಲ್ಲೇ ತಂದು, ಹೆಂಡತಿ ಹಣಮಮ್ಮನ ಬೈಗುಳ ತಿಂದು, ಆಡಿನ ಹಾಲು ಕುಡಿಸಿ ಸಾಕಿದ. ಮಕ್ಕಳಿಲ್ಲದ ಮನೆ. ಬೈಯುತ್ತಿದ್ದವಳೇ ತಿಂಗಳೊಳಗೆ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಹಾಕತೊಡಗಿದಳು. ದೊಡ್ಡದಾದ ಮೇಲೆ ಅದಕ್ಕೊಂದು ಚಾಳಿ ಹತ್ತಿತು. ಹರಿಗೋಲು ಇಳಿದವರ ಗಂಟುಮೂಟೆ ಮೂಸಿ ನೋಡದೆ ಮುಂದೆ ಬಿಡುತ್ತಿರಲಿಲ್ಲ. ಠಾಣೆಯ ದೊಡ್ಡ ಪೊಲೀಸನನ್ನು ಆಗ ಅಮೀನ ಎನ್ನುತ್ತಿದ್ದರು. ಅವನೂ ದಾರಿಹೋಕರ ಗಂಟು ಬಿಚ್ಚಿಸಿ ನೋಡುತ್ತಿದ್ದ. ಹೀಗಾಗಿ ಹಣಮಮ್ಮ ನಾಯಿಗೆ ಅಮೀನ ಎಂದೇ ಹೆಸರಿಟ್ಟಳು. ಹರಿಗೋಲಿನಲ್ಲಿ ಕೂತವರೆಲ್ಲ ನಕ್ಕರು, ಹೆಸರು ಅಂಟಿಕೊಂಡಿತು.

ಒಂದು ಮಧ್ಯಾಹ್ನ ನಿಜವಾದ ಅಮೀನನೇ ಆಚೆ ದಡಕ್ಕೆ ಹೋಗಲು ಬಂದ. ನಾಯಿ ತನ್ನ ಕೆಲಸ ಬಿಟ್ಟೀತೇ? ಸಾಹೇಬನ ಬುತ್ತಿಗಂಟಿಗೆ ಮೂತಿ ಇಟ್ಟಿತು. ಅತ್ತ ಮುಖ ಮಾಡಿ ಹಗ್ಗ ಬಿಚ್ಚುತ್ತಿದ್ದ ತಾಯಪ್ಪ, ಬಂದವರು ಯಾರೆಂದು ನೋಡದೆ, ಬಾಯಿಗೆ ರೂಢಿಯಾದಂತೆ ಗದರಿದ.

"ಏ ಅಮೀನ, ಗಂಟಿನ ತಂಟಿಗಿ ಹೋಗಬ್ಯಾಡ. ಒದಿ ತಿಂತಿ ನೋಡು."

ತಿರುಗಿ ನೋಡಿದರೆ ಅಮೀನ ನಗುತ್ತಿದ್ದ. ಅಂಥ ನಗು ಯಾರ ಮುಖಕ್ಕೂ ಬರಬಾರದು. ತಾಯಪ್ಪ ಕಾಲಿಗೆ ಬಿದ್ದ. ಹಣಮಮ್ಮ ಸೆರಗೊಡ್ಡಿ, ಹೆಸರಿಟ್ಟವಳು ನಾನು, ನನ್ನನ್ನು ಹೊಡೆಯಿರಿ ಎಂದಳು. ಅಮೀನ ಯಾರಿಗೂ ಹೊಡೆಯಲಿಲ್ಲ. ಒಂದು ಸೀಮೆಗೆ ಇಬ್ಬರು ಅಮೀನರು ಬೇಡ, ಕಲ್ಲು ಕಟ್ಟಿ ನಡುಹೊಳೆಗೆ ಬಿಡು, ಇಲ್ಲವಾದರೆ ಹರಿಗೋಲಿಗೆ ಬೆಂಕಿ ಹಚ್ಚಿಸಿ ನಿನ್ನನ್ನು ಠಾಣೆಗೆ ಒಯ್ಯುತ್ತೇನೆ ಎಂದ. ಹೊಳೆದಂಡೆಯ ನಾಯಿ, ಬರೀ ಎಸೆದರೆ ಈಜಿ ಬಂದೀತೆಂದು ಅವನಿಗೆ ಗೊತ್ತಿತ್ತು.

ಹರಿಗೋಲು ಹೊರಟಿತೆಂದರೆ ನಾಯಿ ತಾನೇ ಹಾರಿ ಕೂರುತ್ತಿತ್ತು. ಅಂದೂ ಹಾರಿ ಕೂತಿತು. ಕೊರಳಿಗೆ ಹಗ್ಗ ಬಿಗಿಯುವಾಗ ತಾಯಪ್ಪನ ಕೈ ನೆಕ್ಕಿತು. ಅದಕ್ಕೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಡುಹೊಳೆಯಲ್ಲಿ ತಾಯಪ್ಪ ಅದನ್ನು ಎತ್ತಿ, ಕಣ್ಣು ಮುಚ್ಚಿ, ಬಿಟ್ಟುಬಿಟ್ಟ. ಅಮೀನ ಎದುರಿಗೆ ಕೂತು ಬುತ್ತಿ ಉಣ್ಣುತ್ತಿದ್ದ.

ಮರುವರ್ಷ ಮಳೆಗಾಲದ ಕೊನೆಗೆ ಇಂಡಿಯಾದ ಸೈನ್ಯ ಬಂತು, ನಿಜಾಮರ ರಾಜ್ಯ ಮುಗಿಯಿತು. ಅಮೀನನ ಆಟವೂ ಮುಗಿಯಿತೆಂದು ತಾಯಪ್ಪ ಒಳಗೊಳಗೇ ಹಿಗ್ಗಿದ. ಆ ಬಾಯಿಂದ ತಪ್ಪಾಯಿತೆಂಬ ಒಂದು ಮಾತು ಬಂದರೆ ಅವನಿಗೆ ಸಾಕಿತ್ತು. ಆರು ತಿಂಗಳಿಗೆ ಅದೇ ಅಮೀನ ಬೇರೆ ಟೋಪಿ ಇಟ್ಟುಕೊಂಡು ದಡಕ್ಕೆ ಬಂದ. ಹರಿಗೋಲು ಹತ್ತುತ್ತಲೇ, ಇನ್ನು ತನ್ನನ್ನು ಯಾರೂ ಅಮೀನ ಎನ್ನಕೂಡದು, ಇನ್‌ಸ್ಪೆಕ್ಟರ್ ಎನ್ನಬೇಕು ಎಂದು ತಿಳಿಹೇಳಿದ. ನಡುಹೊಳೆಗೆ ಬಂದಾಗ ತಾಯಪ್ಪ ಹುಟ್ಟು ನಿಲ್ಲಿಸಿದ.

"ಹಂಗಾದ್ರ ಆ ಹೆಸರು ಈಗ ನಾಯಿಗಿ ಇಡಬಹುದೇನ್ರಿ, ಸಾಹೇಬ್ರ?"

ಸಾಹೇಬ ಮನಸಾರೆ ನಕ್ಕ. ಅವನಿಗೆ ಏನೊಂದೂ ನೆನಪಿರಲಿಲ್ಲ.

"ಇಟ್ಕೋ, ಯಾರ್ ಬ್ಯಾಡಂತಾರ. ನಾಯಿ ಅದ ಏನು ಮನ್ಯಾಗ?"

"ಇತ್ತ್ರಿ," ಎಂದು ತಾಯಪ್ಪ ಮತ್ತೆ ಹುಟ್ಟು ಹಾಕತೊಡಗಿದ. ದಡ ಬಂದಾಗ, ಬೂಟು ನೆನೆಯದಂತೆ ಸಾಹೇಬನನ್ನು ಕೈಹಿಡಿದು ಇಳಿಸಿದ.