ಬಿಸಿಲಿಗೆ ಹಾಕಿದ ಗುಂಡುಗಳು

ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಿಂದ ಗೆಳೆಯ ಪ್ರಸನ್ನ ಫೋನ್ ಮಾಡಿದ. "ಹಳೇ ಮಿಲಿಟರಿ ಗುಂಡು ಒಂದ್ ಡಬ್ಬ ತಗೊಂಡಿದೀನಿ ಕಣೋ. ನಮ್ಮಿಬ್ರಿಗಿಂತ ವಯಸ್ಸಾಗಿದೆ. ಥಂಡಿ ಹಿಡಿದಿರತ್ತಾ?"

ನಾನೇನು ಮದ್ದುಗುಂಡಿನ ತಜ್ಞನೇ? ಪ್ಲೇನ್‌ಫೀಲ್ಡ್‌ನಲ್ಲಿ ಲಾನ್ ಕತ್ತರಿಸಿಕೊಂಡಿರುವ ಪ್ರಾಣಿ. ಬಂದೂಕು ಮುಟ್ಟಿದವನೂ ಅಲ್ಲ. ಆದರೆ ಗೊತ್ತಿಲ್ಲ ಎನ್ನುವುದು ನಮ್ಮ ಜಾಯಮಾನದಲ್ಲೇ ಇಲ್ಲವಲ್ಲ!

"ದೀಪಾವಳಿ ಪಟಾಕಿ ಥರ ಬಿಸಿಲಿಗೆ ಹಾಕು. ಸರಿಹೋಗತ್ತೆ" ಎಂದೆ. (ಮೈಸೂರಿನ ತಾರಸಿಯ ಮೇಲೆ ಪಟಾಕಿ ಒಣಗಿಸಿದ್ದೇ ನನ್ನ ಒಟ್ಟು ಅನುಭವ.)

ಕಾರ್ ಕಂಪನಿಯೊಂದು ಪ್ರಸನ್ನನನ್ನು ಲೇಆಫ್ ಮಾಡಿ ಏಳು ತಿಂಗಳಾಗಿತ್ತು. ಜೊತೆಗೇ ಕೆಲಸ ಕಳೆದುಕೊಂಡ ಅಮೆರಿಕನ್ ಒಬ್ಬ ಅವನಿಗೆ ಶೂಟಿಂಗ್ ರೇಂಜಿನ ರುಚಿ ಹತ್ತಿಸಿದ್ದ. ರೈಫಲ್ ಹಿಡಿದಷ್ಟು ಹೊತ್ತು ರೆಸ್ಯೂಮೆ ನೆನಪಾಗುವುದಿಲ್ಲ ಎನ್ನುತ್ತಿದ್ದ ಪ್ರಸನ್ನ. ಹೊಸ ಗುಂಡು ದುಬಾರಿ, ಹಳೆಯದು ಅಗ್ಗ. ಕೊನೆಗೂ ಒಂದು ಇಂಟರ್‌ವ್ಯೂ ಬಂದಿತ್ತು, ಮುಂದಿನ ವಾರಕ್ಕೆ.

ಮನೆ ಹಿಂದಿನ ಡೆಕ್ ಮೇಲೆ ಹಪ್ಪಳದ ಹಾಗೆ ಹರಡಿ ಎರಡು ದಿನ ಒಣಗಿಸಿದನಂತೆ. ಶನಿವಾರ ರೇಂಜಿನಲ್ಲಿ ನಾಲ್ಕು ಗುಂಡು ಸಲೀಸಾಗಿ ಹಾರಿದವು. ಐದನೆಯದು ಟಿಕ್ ಎಂದು ಸುಮ್ಮನಾಯಿತು.

ಹಾಗಾದಾಗ ಬಂದೂಕನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕು. ಹಳೇ ಗುಂಡಿನ ಕಿಡಿ ತಡವಾಗಿ ಹೊತ್ತಬಹುದು. ಬಿಸಿಲು ಅದನ್ನು ಸರಿಮಾಡುವುದಿಲ್ಲ. ಕಾವಿಗೆ ಮದ್ದು ಇನ್ನಷ್ಟು ಕೆಡುತ್ತದೆ. ರೇಂಜಿನವನು ಇದನ್ನೆಲ್ಲ ಹೇಳಿದ್ದು ಆಮೇಲೆ.

ಪ್ರಸನ್ನ ಮಾಡಿದ್ದು ನಾವೆಲ್ಲ ಟುಸ್ ಪಟಾಕಿಗೆ ಮಾಡುವುದನ್ನೇ. ರಕ್ಷಣೆಯ ಕನ್ನಡಕವನ್ನು ಹಣೆಗೇರಿಸಿ, ತಕ್ಷಣ ಗುಂಡಿನ ಗೂಡು ಮುಚ್ಚುವ ಬೋಲ್ಟ್ ಎಳೆದು, ಬಗ್ಗಿ ನೋಡಿದ. ಆಗ ಸಿಡಿಯಿತು.

ಬಲಗಣ್ಣು ಹೋಯಿತು. ಇಂಟರ್‌ವ್ಯೂ ಕೂಡ.

ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಅವನ ಹೆಂಡತಿ ವೀಣಾ ಮಂಚದ ಪಕ್ಕದಲ್ಲಿ ಕೂತಿದ್ದಳು. "ಎಲ್ಲಾ ಒಣಗ್ಸಿದೀನಿ, ಏನೂ ಆಗಲ್ಲ ಅಂತ ಹೇಳ್ಬಿಟ್ಟು ಹೋದ್ರು. ಯಾರು ಈ ಐಡಿಯಾ ಕೊಟ್ಟಿದ್ದೋ! ಎಷ್ಟು ಕೇಳಿದ್ರೂ ಹೇಳ್ತಿಲ್ಲ."

ಪ್ರಸನ್ನ ಉಳಿದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. "ಕಾಫಿ ತರ್ತೀನಿ" ಎಂದು ಎದ್ದುಹೋದೆ. ಇಂಥ ಹೇಡಿ ನಾನು ಎಂದು ನನಗೇ ಗೊತ್ತಿರಲಿಲ್ಲ. ವಾಪಸು ಬಂದ ಮೇಲೆ ಈ ಅಂಕಣದಲ್ಲಿ ಪೆಟ್ರೋಲು, ಹಿಮ, ಟ್ರಾಫಿಕ್ಕು ಎಂದು ಏನೇನೋ ಬರೆದು ವಾರಗಳನ್ನು ತಳ್ಳಿದೆ.

ವೀಣಾ ಈ ಅಂಕಣವನ್ನು ಒಂದು ವಾರವೂ ತಪ್ಪಿಸುವುದಿಲ್ಲ.