ಮಾರಾಟಕ್ಕಿದ್ದ ಎಮ್ಮೆಯ ಫೋಟೊ

ಕ್ಯಾಮೆರಾ ಕೊಂಡ ಹೊಸದರಲ್ಲಿ ನಾನು ಭಾನುವಾರ ಬಂತೆಂದರೆ ಶಿಕಾರಿಪುರದಿಂದ ಬೈಕಿನಲ್ಲಿ ಗುಡವಿ ಪಕ್ಷಿಧಾಮಕ್ಕೆ ಹೋಗಿಬಿಡುತ್ತಿದ್ದೆ. ಆಸೆ ಇದ್ದದ್ದು ಹಕ್ಕಿಗಳ ಮೇಲೆ. ನನಗೆ ಸಿಗುತ್ತಿದ್ದುದು ಹಕ್ಕಿ ಆಗಷ್ಟೇ ಹಾರಿಹೋದ ಕೊಂಬೆಗಳು. ಹಾಗೆ ಒಂದು ಸಂಜೆ ವಾಪಸು ಬರುವಾಗ ಸೊರಬದ ಹತ್ತಿರ ಅಕ್ಕನ ಮನೆಗೆ ಹೊಕ್ಕೆ.

ಭಾವ ನನಗೇ ಕಾಯುತ್ತಿದ್ದವರಂತೆ, “ಬಂದಿದ್ದು ಒಳ್ಳೇದಾತು ಮಾರಾಯ. ನಮ್ಮ ಎಮ್ಮೆದೊಂದು ಫೋಟೊ ತೆಗಿ. ವಾಟ್ಸಾಪಿಗೆ ಹಾಕಿ ಮಾರಬೇಕು” ಎಂದರು. ಎಮ್ಮೆ ಹಗ್ಗ ಕಿತ್ತುಕೊಂಡು ಪಕ್ಕದವರ ಜೋಳಕ್ಕೆ ನುಗ್ಗುತ್ತಿತ್ತು. ಅವರಿವರ ಬೈಗುಳ ಕೇಳಿ ಸಾಕಾಗಿದ್ದ ಅಕ್ಕನೇ ಮಾರಲು ಹಟ ಹಿಡಿದಿದ್ದಳು.

ಎಮ್ಮೆ ಹಾರಿಹೋಗುವುದಿಲ್ಲವಲ್ಲ, ನನಗೆ ಹುರುಪು ಬಂತು. ಇಳಿಬಿಸಿಲು ಓರೆಯಾಗಿ ಬೀಳುವಂತೆ ನಿಲ್ಲಿಸಿ, ಹಿಂದಿನ ಗೊಬ್ಬರದ ಗುಂಡಿಯನ್ನು ಮಸುಕಾಗಿಸಿ, ಮುಖವನ್ನಷ್ಟೇ ಹಿಡಿದೆ. ರೆಪ್ಪೆಯ ಕೂದಲು ಕೂಡ ಹೊಳೆಯುತ್ತಿತ್ತು.

ಭಾವ ನೋಡಿ, “ಕೆಚ್ಚಲು ಎಲ್ಲಿ?” ಎಂದರು.

“ಕಣ್ಣು ನೋಡಿ ಭಾವ.”

“ಎಮ್ಮೆ ತಗಳೋರು ಕಣ್ಣು ನೋಡ್ತಾರನಾ? ನಾಲ್ಕು ಕಾಲಾದ್ರೂ ಬರ್ಲಿ.”

ಮತ್ತೆ ತೆಗೆದೆ. ಕಾಲು ಬಂದರೆ ತಲೆ ಬರಲಿಲ್ಲ. ಎರಡೂ ಬಂದಾಗ ಎಮ್ಮೆ ಭಾವನ ಅಂಗಿ ನೆಕ್ಕುತ್ತಿತ್ತು. ಕಡೆಗೆ ಅವರು, ಮೊದಲಿನದನ್ನೇ ಇನ್ನೊಮ್ಮೆ ತೋರಿಸು ಎಂದರು. ಬಹಳ ಹೊತ್ತು ನೋಡಿದರು.

“ಇಷ್ಟು ಲಕ್ಷಣವಾಗಿದಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದರು ಮೆಲ್ಲಗೆ. “ಇವಳನ್ನ ಕೊಡೂದು ಬ್ಯಾಡ.”

ಅಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಒಳಗೆ ಹೋಗಿ, ರೇಷ್ಮೆ ಸೀರೆ ಉಟ್ಟು ಬಂದು, ಎಮ್ಮೆಯನ್ನು ಪಕ್ಕಕ್ಕೆ ತಳ್ಳಿ ಅದು ನಿಂತಿದ್ದ ಜಾಗದಲ್ಲಿ ತಾನು ನಿಂತಳು.

“ನಂದೂ ಒಂದು ತೆಗಿ. ಹಿಂದಿಂದು ಮಸುಕು ಮಾಡು.”

ಮನಸ್ಸಿಟ್ಟು ತೆಗೆದೆ. ಚೆನ್ನಾಗಿಯೇ ಬಂತು. ಅವಳ ನಗುವಿನಲ್ಲಿ ನಮ್ಮ ಅಮ್ಮ ಇದ್ದಾಳೆಂದು ನನಗೆ ಅವತ್ತೇ ಕಂಡದ್ದು. ಅಕ್ಕ ಕ್ಯಾಮೆರಾವನ್ನು ಗಂಡನ ಮುಂದೆ ಹಿಡಿದು, “ಹೆಂಗದೆ?” ಎಂದಳು.

ಭಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕತ್ತು ವಾಲಿಸಿ ನೋಡಿ, “ಚೆಂದ ಬಂದದೆ. ಎಮ್ಮೆ ನಿಂತಾಗ ಬೆಳಕು ಇನ್ನೂ ಚೊಲೊ ಇತ್ತು” ಎಂದರು.

ನಾನು ಊಟಕ್ಕೆ ನಿಲ್ಲದೆ ಬೈಕ್ ಹತ್ತಿದೆ.

ಎಮ್ಮೆಯನ್ನು ಮಾರಲಿಲ್ಲ. ಮುಂದಿನ ಸಲ ಹೋದಾಗ ಭಾವನ ಫೋನು ಮುಟ್ಟಿದರೆ ಪರದೆಯ ತುಂಬ ಅಕ್ಕ ನಗುತ್ತಿದ್ದಳು. ಅದನ್ನು ಹಾಕಿಸಿದ್ದು ಯಾರೆಂದು ನಾನು ಕೇಳಲಿಲ್ಲ. ವಾಟ್ಸಾಪ್ ಡಿಪಿಯಲ್ಲಿ ಮಾತ್ರ ಎಮ್ಮೆಯೇ ಇತ್ತು.