ಗಿಲ್ಸುವಿನ ಬೆರಳು ಹುಡುಕಿದ ಗೆರೆ

ಮಡಚುವ ಫೋನಿನ ಸುದ್ದಿ ಸುನ್ಯೆಯ ಕಿವಿಗೆ ಮೊದಲು ಬಿದ್ದ ದಿನ ಅವಳು ಯಾರದೋ ಮದುವೆಯ ರೇಷ್ಮೆ ಲಂಗದ ಅಂಚು ತೀಡುತ್ತ ಕೂತಿದ್ದಳು. ಒನ್ಯಾಂಗ್ ಪೇಟೆಯ ಒಳಗಲ್ಲಿಯಲ್ಲಿ ಅವಳದು ಬಾಗಿಲಗಲದ ಅಂಗಡಿ. ಹಬ್ಬದ ಉಡುಪು ಹೊಲಿಯುವುದು, ಗಂಜಿ ಹಾಕಿದ ಬಟ್ಟೆಯನ್ನು ಕಲ್ಲಿನ ಮೇಲಿಟ್ಟು ಜೋಡಿ ಕೊರಡಿನಿಂದ ಬಡಿದು ನುಣುಪು ಮಾಡುವುದು, ಅಂಚಿಗೆ ಕೆಂಡದಲ್ಲಿ ಕಾದ ಕಬ್ಬಿಣದ ಕಡ್ಡಿ ಎಳೆಯುವುದು. ಗಂಡ ಹೋಗಿ ಇಪ್ಪತ್ತಾರು ವರ್ಷವಾಗಿತ್ತು. ಅಷ್ಟೂ ವರ್ಷ ಅವಳಿಗೆ ಅನ್ನ ಹಾಕಿದ್ದು ಊರವರ ಬಟ್ಟೆಯ ಸುಕ್ಕು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಗಿಲ್ಸು ಬಾಡಿಗೆಗಿದ್ದ. ಐವತ್ತು ದಾಟಿದ ಒಂಟಿ ಗಂಡಸು. ದೊಡ್ಡ ಕಾರ್ಖಾನೆಗಳಿಗೆ ಬಿಡಿ ಕೆಲಸ ಮಾಡಿಕೊಡುವ ಒಂದು ಶೆಡ್ಡಿನಲ್ಲಿ ದುಡಿಯುತ್ತಿದ್ದ. ಅಂದು ಓಡೋಡಿ ಬಂದವನೇ ಅಂಗೈಯಷ್ಟು ಕಪ್ಪು ಹಲಗೆಯೊಂದನ್ನು ಪುಸ್ತಕದ ಹಾಗೆ ಮುಚ್ಚಿ ತೆರೆದ.

"ನೋಡಿ ಅಕ್ಕಾ, ಫೋನು! ಗಾಜೇ ಮಡಚತ್ತೆ."

ಪಕ್ಕದ ಒಣಮೀನಿನ ಅಂಗಡಿಯ ಮಾಲ್ಜಾ ಅಷ್ಟರಲ್ಲಿ ಕತ್ತು ಚಾಚಿಯಾಗಿತ್ತು. "ನನ್ನ ಮೊಣಕಾಲೂ ಮಡಚತ್ತೆ. ಮಡಚಿದಾಗಲೆಲ್ಲ ಕಿರ್ ಅಂತ ಹಾಡೂ ಹೇಳತ್ತೆ. ಅದನ್ನ ನೋಡೋಕೆ ಯಾರೂ ಓಡಿ ಬರ್ಲಿಲ್ಲ!"

"ಮಡಚಿ ಏನು ಮಾಡ್ತಾರೋ?" ಸುನ್ಯೆ ಕೇಳಿದಳು.

"ಬೆಳಗ್ಗೆ ಎದ್ದು ನೀವು ಹಾಸಿಗೆ ಯಾಕೆ ಮಡಚ್ತೀರಿ? ಕೋಣೆ ಚಿಕ್ಕದು ಅಂತ ತಾನೆ? ಜೇಬೂ ಚಿಕ್ಕದೇ. ಬಿಚ್ಚಿದ್ರೆ ನಿಮ್ಮಂಥ ಮುದುಕೀರಿಗೂ ಅಕ್ಷರ ದಪ್ಪಗೆ ಕಾಣತ್ತೆ."

"ಮುದುಕಿ ಅಂದ್ಯಾ? ಸಂಜೆ ಸಾರು ಕೇಳ್ಕೊಂಡು ಬಾ, ಹೇಳ್ತೀನಿ."

ಬೈದರೂ ಸುನ್ಯೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಹೆಬ್ಬೆರಳನ್ನು ನಡುವೆ ಒಮ್ಮೆ ಎಳೆದಳು. "ಇಲ್ಲೊಂದು ಗೆರೆ ಇದೆಯಲ್ಲೋ."

ಗಿಲ್ಸುವಿನ ಮುಖ ಚಿಕ್ಕದಾಯಿತು. "ಹುಂ. ಅದನ್ನ ಹುಡುಕೋದೇ ನನ್ನ ಕೆಲಸ."

ಯಂತ್ರವೊಂದು ಆ ಗಾಜನ್ನು ದಿನಗಟ್ಟಲೆ ಮಡಚಿ ಬಿಚ್ಚುತ್ತಿತ್ತು. ಆಮೇಲೆ ಗಿಲ್ಸು ಬಲಗೈಯ ತೋರುಬೆರಳನ್ನು ಅದರ ಮೇಲೆ ಆಡಿಸಿ, ಗೆರೆ ಎಷ್ಟು ಬಿದ್ದಿದೆ ಎಂದು ಹೇಳಬೇಕು. ಯಂತ್ರ ಕಾಣದ್ದನ್ನು ಅವನ ಬೆರಳು ಕಾಣುತ್ತಿತ್ತು. ಆ ಬೆರಳನ್ನು ಅವನು ಹಸುಗೂಸಿನ ಹಾಗೆ ಸಾಕಿದ. ಮೆಣಸಿನ ಮುದ್ದೆ ಮುಟ್ಟುತ್ತಿರಲಿಲ್ಲ. ಹುರಿದ ಚೆಸ್ಟ್‌ನಟ್ ಸುಲಿಯಲು ಕೊಟ್ಟರೆ ಕೈಗವಸು ಹಾಕಿಕೊಳ್ಳುತ್ತಿದ್ದ. "ಮದುವಣಗಿತ್ತಿ ಕೈ ಮುಚ್ಕೊಂಡು ಬಂದ್ಲು" ಎಂದು ಮಾಲ್ಜಾ ನಗುತ್ತಿದ್ದಳು.

ಸಂಜೆಯ ಹೊತ್ತು ಅವನು ಬಟ್ಟೆ ಬಡಿಯುವ ಕಲ್ಲಿನೆದುರು ಬಂದು ಕೂರುತ್ತಿದ್ದ.

"ಮಡಚಿದ ಗೆರೆ ಹೋಗೋದಕ್ಕೆ ಏನು ಮಾಡ್ಬೇಕು ಅಕ್ಕಾ?"

"ಒಂದೇ ಗೆರೆ ಮೇಲೆ ಎರಡು ಸಲ ಮಡಚಬಾರದು."

"ಫೋನಿಗೆ ಇನ್ನೊಂದು ಗೆರೆ ಎಲ್ಲಿಂದ ತರ್ಲಿ? ಬಡಿದ್ರೆ?"

"ಬಡಿ. ಗೆರೆಯೂ ಹೋಗತ್ತೆ, ಫೋನೂ ಹೋಗತ್ತೆ." ಅವಳು ಕೊರಡು ಕೆಳಗಿಟ್ಟಳು. "ಅಲ್ಲ ಕಣೋ, ಗೆರೆ ಹೋದ್ರೆ ನಿನ್ನ ಕೆಲಸಾನೂ ಹೋಗತ್ತಲ್ಲ?"

"ಹೋಗ್ಲಿ ಬಿಡಿ. ಹೋಯ್ತು ಅಂತ ಮೊದಲು ಹೇಳೋ ಬೆರಳು ನಂದಾಗಿರ್ಬೇಕು, ಅಷ್ಟೆ. ಮದುವೆ ಆಗ್ಲಿಲ್ಲ, ಮನೆ ಕಟ್ಟಲಿಲ್ಲ. ಅದೊಂದಾದ್ರೂ ನಾನು ಮುಟ್ಟಿದ್ದು ಅಂತ ಇರ್ಲಿ."

ಗಿಲ್ಸು ತನ್ನ ಸ್ವಂತಕ್ಕೆ ಕೊಂಡ ಅಂಥದೇ ಫೋನು ಎರಡನೆಯ ಚಳಿಗಾಲದಲ್ಲಿ, ಬಸ್ಸಿಗೆ ಕಾಯುತ್ತ ಬಿಚ್ಚಿದಾಗ, ಗೆರೆಯುದ್ದಕ್ಕೂ ಬಿರಿಯಿತು. ಅರ್ಧ ಬೆಳಗುತ್ತಿತ್ತು, ಅರ್ಧ ಕಪ್ಪು. ಬಾಗುವುದು ಬಟ್ಟೆಯ ಗುಣ, ಗಾಜಿನದಲ್ಲ ಎಂದು ಸುನ್ಯೆಗೆ ಅನ್ನಿಸಿತು. ಅವನು ಆ ಅರ್ಧದಲ್ಲೇ ಇನ್ನೊಂದು ವರ್ಷ ಮಾತಾಡಿದ.

ಆಮೇಲೆ ಹೊಟ್ಟೆಯ ಗಡ್ಡೆ ಬಂತು. ವೈದ್ಯರು ಜಠರದ ಮುಕ್ಕಾಲು ತೆಗೆದರು, ಸೂಜಿಮದ್ದು ಶುರುಮಾಡಿದರು. ಕೂದಲು ಉದುರಿತು, ಊಟ ಪಕ್ಷಿಯ ಗುಟುಕಿನಷ್ಟಾಯಿತು. ಆದರೂ ಟೋಪಿ ಏರಿಸಿಕೊಂಡು ಶೆಡ್ಡಿಗೆ ಹೋದ. ಮದ್ದು ಇನ್ನೂ ನಡೆಯುತ್ತಿದೆ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬೇರೆಯವನ ಬೆರಳು ಬಂದು ಕೂರುತ್ತದೆ ಎಂಬ ಹೆದರಿಕೆ.

ಚಳಿಗೆ ಮುನ್ನ ಎಲೆಕೋಸು ಉಪ್ಪಿನಲ್ಲಿ ನೆನೆಹಾಕುವ ಕಾಲ. ಒಂದು ಮಧ್ಯಾಹ್ನ ಅವನು ಅಂಗಡಿಗೆ ಬಂದು ಕೆಂಡದ ಮಡಕೆಯ ಪಕ್ಕ ಧೊಪ್ಪನೆ ಕುಸಿದು ಕೂತ. ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು.

"ಹೋಯ್ತು ಅಕ್ಕಾ! ಇವತ್ತು ಬಂದ ಗಾಜುಗಳಲ್ಲಿ ಗೆರೆ ಇಲ್ಲ. ಮೂರು ಸಲ ಆಡಿಸಿದೆ. ನೀರಿನ ಮೇಲೆ ಆಡಿಸಿದ ಹಾಗಿತ್ತು. ಎಲ್ಲಕ್ಕೂ ಸರಿ ಅಂತ ಗುರುತು ಹಾಕಿ ಬಂದೆ."

"ನಿಜ ಏನೋ?" ಸುನ್ಯೆ ಎದ್ದೇಬಿಟ್ಟಳು. ಮಾಲ್ಜಾಳನ್ನು ಕೂಗಬೇಕೆಂದು ಬಾಗಿಲಿಗೆ ತಿರುಗಿದಳು. ಅಷ್ಟರಲ್ಲಿ ಸುಟ್ಟ ಚರ್ಮದ ವಾಸನೆ ಬಂತು.

ರೇಷ್ಮೆಗೇನಾದರೂ ಕಿಡಿ ಹಾರಿತೇ ಎಂದು ಗಾಬರಿಯಲ್ಲಿ ಹುಡುಕಿದಳು. ರೇಷ್ಮೆ ಸರಿಯಾಗಿಯೇ ಇತ್ತು. ಗಿಲ್ಸು ಮಾತಿನ ಹುಮ್ಮಸ್ಸಿನಲ್ಲಿ ಬಲಗೈಯನ್ನು ಮಡಕೆಯ ಅಂಚಿಗೆ ಊರಿದ್ದ. ತೋರುಬೆರಳು ಕಾದ ಕಡ್ಡಿಯ ಮೇಲಿತ್ತು. ಅವನು ಇನ್ನೂ ನಗುತ್ತಲೇ ಇದ್ದ.

"ಗಿಲ್ಸು, ನಿನ್ನ ಬೆರಳು."

ಅವನು ಕೆಳಗೆ ನೋಡಿದ. ಕೈಯನ್ನು ಥಟ್ಟನೆ ಎಳೆದುಕೊಳ್ಳಲಿಲ್ಲ, ಮೆಲ್ಲನೆ ಎತ್ತಿದ. ತುದಿ ಬೆಳ್ಳಗೆ ಉಬ್ಬಿತ್ತು. ಎಡಗೈಯಿಂದ ಅದನ್ನು ಹಿಚುಕಿದ, ಮತ್ತೆ ಹಿಚುಕಿದ. ಸುನ್ಯೆ ತಣ್ಣೀರಿನ ಬೋಗುಣಿ ತಂದು ಅವನ ಕೈಯನ್ನು ಅದ್ದಿದಳು. ಅವನು ಅವಳ ಮುಖ ನೋಡಿ, "ನೀರು ತಣ್ಣಗಿದೆಯಾ?" ಎಂದು ಕೇಳಿದ.

ಸೂಜಿಮದ್ದಿಗೆ ಬೆರಳ ತುದಿ ಜೋಮು ಹಿಡಿಯುವುದುಂಟು ಎಂದು ಆಸ್ಪತ್ರೆಯಲ್ಲಿ ಆಮೇಲೆ ಹೇಳಿದರು. ಅವನು ಸರಿ ಎಂದ ಗಾಜುಗಳೆಲ್ಲ ವಾರದೊಳಗೆ ಶೆಡ್ಡಿಗೆ ವಾಪಸು ಬಂದವು. "ಇದನ್ನ ಕುರುಡನೂ ಹಿಡೀತಿದ್ದ" ಎಂದನಂತೆ ಮೇಲ್ವಿಚಾರಕ. ಅವನ ಜಾಗಕ್ಕೆ ಬೇರೆ ಮನುಷ್ಯ ಬರಲಿಲ್ಲ, ಹೊಸ ಯಂತ್ರ ಬಂತು. ಗಿಲ್ಸು ಅಂಗಡಿಯಲ್ಲಿ ಕೂತು ಕಣ್ಣುಮುಚ್ಚಿ ಬಟ್ಟೆ ತುಂಡು ಮುಟ್ಟುತ್ತಿದ್ದ. "ರೇಷ್ಮೆ?" ಎನ್ನುತ್ತಿದ್ದ. ಕೈಯಲ್ಲಿರುವುದು ನಾರುಬಟ್ಟೆ. ಸುನ್ಯೆ ಮೊದಮೊದಲು ಹೂಂ ಅಂದಳು. ಆಮೇಲೆ ಉತ್ತರಿಸುವುದನ್ನೇ ಬಿಟ್ಟಳು. ಅವನೂ ಕೇಳುವುದನ್ನು ಬಿಟ್ಟ.

ಹೊಸ ವರ್ಷದ ಹಬ್ಬಕ್ಕೆ ಮೊದಲೇ ಮತ್ತೆ ಆಸ್ಪತ್ರೆ ಸೇರಿದ. ಈ ಸಲ ಸೂಜಿಮದ್ದೂ ಇರಲಿಲ್ಲ. ಕೊಟ್ಟು ಉಪಯೋಗವಿಲ್ಲ ಎಂದರು. ಸುನ್ಯೆ ಪೈನ್ ಬೀಜದ ಗಂಜಿ ಹೊತ್ತು ಹೋದಳು. ಅವನು ಎರಡು ಚಮಚ ಕುಡಿದು ತಲೆ ತಿರುಗಿಸಿದ. ಹಾಸಿಗೆಯ ಮೇಲೆ ನರ್ಸಿನ ಹತ್ತಿರ ಕೇಳಿ ಇಸಿದುಕೊಂಡ ಮಡಚುವ ಫೋನೊಂದು ಬಿಚ್ಚಿ ಬಿದ್ದಿತ್ತು, ಆ ವರ್ಷದ ಹೊಸ ಮಾದರಿಯದು.

"ಮುಟ್ಟಿ ನೋಡಿ ಅಕ್ಕಾ. ಸಮಾಧಾನದ ಮಾತು ಬೇಡ. ಗೆರೆ ಇದೆಯಾ?"

ಸುನ್ಯೆ ಹೆಬ್ಬೆರಳು ಎಳೆದಳು. ಮೊದಲಿನಷ್ಟಿರಲಿಲ್ಲ. ಕೂದಲೆಳೆಯಷ್ಟಿತ್ತು. ಹೋಯ್ತು ಅಂದರೆ ಹೋಯ್ತು ಅಂತಲೇ ನಂಬುತ್ತಾನೆ. ಆದರೆ ಬೇರೆ ಯಾರದೋ ಬೆರಳಿಗೆ ಅದು ಮೊದಲು ಗೊತ್ತಾಯಿತು ಅಂತಲೂ ಆಗುತ್ತದೆ.

"ಇದೆ ಕಣೋ."

ಗಿಲ್ಸು ತಲೆಯಾಡಿಸಿದ. ಸುಟ್ಟ ಕಲೆಯ ಬೆರಳನ್ನು ಹೊದಿಕೆಯೊಳಗಿಂದ ಹೊರತೆಗೆದು ಅವಳ ಕಡೆ ಚಾಚಿದ.

"ಅದರ ಮೇಲೆ ಇಡಿ ಅಕ್ಕಾ. ಸರಿಯಾಗಿ ಗೆರೆ ಮೇಲೇ ಇಡಿ."